ಚಾರ್ಮಾಡಿ ಬುಡದ ಸೋಲಾರ್ ದಿನಗಳು

ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡಕ್ಕೆ ಸೋಲಾರ್ ದೀಪ ಬಂದ ಕತೆ ಹೇಳುವವರೆಲ್ಲ ಪ್ಯಾನೆಲ್‌ನಿಂದ ಶುರು ಮಾಡುತ್ತಾರೆ. ನನಗೆ ಮೊದಲು ನೆನಪಾಗುವುದು ಬ್ಯಾಟರಿ. ಪ್ಯಾನೆಲ್ ಇಪ್ಪತ್ತು ವರ್ಷ ತನ್ನಷ್ಟಕ್ಕೆ ಕೂತಿರುತ್ತದೆ. ಬ್ಯಾಟರಿ ಸತ್ತ ರಾತ್ರಿ ಮನೆಯವರು ಮತ್ತೆ ಚಿಮಣಿ ಹಚ್ಚುತ್ತಾರೆ.

ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದ ನಾನು ತೊಂಬತ್ತರ ದಶಕದ ಕೊನೆಗೆ ಸೋಲಾರ್ ದೀಪ ಕೂರಿಸುವ ಕೆಲಸಕ್ಕೆ ಬಂದೆ. ಅದಕ್ಕೂ ಮೊದಲು ಸಬ್ಸಿಡಿಯ ಸೋಲಾರ್ ಲಾಟೀನುಗಳು ಹಳ್ಳಿಗಳಿಗೆ ಬಂದಿದ್ದವು. ಕೆಟ್ಟ ದಿನವೇ ಅವುಗಳ ಆಯುಸ್ಸು ಮುಗಿಯುತ್ತಿತ್ತು, ಬಿಚ್ಚಿ ನೋಡಬಲ್ಲವರು ಸುತ್ತಮುತ್ತ ಇರಲಿಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಶುರು ಮಾಡಿದ ಸೋಲಾರ್ ಕಂಪನಿ ಸೆಲ್ಕೋ, ಬ್ಯಾಂಕ್ ಸಾಲವನ್ನೂ ಊರಿನ ಹತ್ತಿರದ ಸರ್ವಿಸನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಬಡ್ಡಿಯ ಒಂದು ಪಾಲನ್ನು ಹೊತ್ತಾಗ ಸಾಲ ಇನ್ನಷ್ಟು ಹಗುರವಾಯಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮಂಥ ಕೆಲಸದವರೆಲ್ಲ ಹೆಮ್ಮೆಪಟ್ಟೆವು. ದೀಪ ಕೆಟ್ಟು ಕೂತರೆ ಯಾರೂ ಕಂತು ಕಟ್ಟುವುದಿಲ್ಲ ಎಂಬುದು ಬ್ಯಾಂಕ್ ಮ್ಯಾನೇಜರರಿಗೂ ಗೊತ್ತಿತ್ತು. ಸ್ಕ್ರೂಡ್ರೈವರ್ ಹಿಡಿದವನ ಮೇಲೆ ಆ ಸಾಲವೆಲ್ಲ ನಿಂತಿತ್ತು.

ನನ್ನ ಕಲಿಕೆ ನಡೆದದ್ದು ಅಂಗಳಗಳಲ್ಲಿ. ಪ್ಯಾನೆಲ್‌ನ 36 ಸೆಲ್‌ಗಳು ಒಂದರ ಹಿಂದೊಂದು ಜೋಡಿಸಿರುವಂಥವು. ಒಂದರ ಮೇಲೆ ಅಡಿಕೆ ಸೋಗೆಯ ನೆರಳು ಬಿದ್ದರೂ ಕರೆಂಟ್ ಕುಸಿಯುತ್ತದೆ. ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ನೆರಳಿಲ್ಲದ ಜಾಗ ಯಾವುದೆಂದು ತೋರಿಸಿದವರು ಮನೆಯ ಹೆಂಗಸರು. ಅಡಿಕೆ ಒಣಗಿಸುವ ಜಾಗ ಕೇಳಿದರೆ ಚಳಿಗಾಲದ ಬಿಸಿಲು ತಿಳಿಯುತ್ತಿತ್ತು. ಅಷ್ಟು ಸಾಲದು. ಜೂನ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಬಡಗಿಗೆ ಇರುತ್ತಾನೆ, ಮಳೆಗಾಲದ ಆಟಿ ತಿಂಗಳಲ್ಲೂ ನೆರಳು ಬೇರೆ ಕಡೆ ಬೀಳುತ್ತದೆ. ಅದನ್ನೂ ಅವರನ್ನೇ ಕೇಳಿ ಕಂಬ ನೆಟ್ಟದ್ದುಂಟು. ಹಳೆಯ ಹಂಚಿನ ಮಾಡಿನ ಮೇಲೆ ಭಾರ ಹೇರುವುದಕ್ಕಿಂತ ಅಂಗಳದಲ್ಲೊಂದು ಜಿಐ ಪೈಪ್ ನಿಲ್ಲಿಸುವುದು ನನಗೆ ಸರಿ ಕಂಡಿತು.

ಬ್ಯಾಟರಿಯ ಪಾಠ ಕಷ್ಟದ್ದು. ಒಂದು ಮನೆಯ ಅಮ್ಮ ಪ್ರೀತಿಯಿಂದಲೇ ಹೇಳಿದರು: "ನೀರು ಕಡಿಮೆಯಾಗಿತ್ತು ಅಣ್ಣ, ಬಾವಿದ್ದೇ ಹಾಕಿದೆ. ನಮ್ಮ ಬಾವಿ ನೀರು ಭಾರೀ ಒಳ್ಳೆದುಂಟು." ಕುಡಿಯಲು ಒಳ್ಳೆಯದೇ. ಆದರೆ ಅದರಲ್ಲಿರುವ ಕಬ್ಬಿಣದಂಥ ಖನಿಜಗಳು ಸೀಸದ ಪ್ಲೇಟುಗಳನ್ನು ಕೆಡಿಸುತ್ತವೆ. ಅಂದಿನಿಂದ ದೀಪ ಹಚ್ಚಿ ತೋರಿಸಿ ಹೊರಡುವುದನ್ನು ಬಿಟ್ಟೆ. ಹೈಡ್ರೋಮೀಟರನ್ನು ಮನೆಯವರ ಕೈಗೇ ಕೊಟ್ಟು, ತೇಲುವ ಬುರುಡೆ ಎಷ್ಟು ಮೇಲೆ ನಿಂತರೆ ಚಾರ್ಜ್ ಇದೆ ಎಂದು ಓದಿಸುತ್ತಿದ್ದೆ. ಮೂರು ದಿನ ಬಿಸಿಲು ಕಾಣದ ಜುಲೈಯಲ್ಲಿ ಯಾವ ದೀಪ ಉರಿಸಬೇಕು, ಯಾವುದು ಬೇಡ ಎಂದು ಆ ಅಮ್ಮನೇ ಲೆಕ್ಕ ಹಾಕತೊಡಗಿದರು. ಆಮೇಲೆ ನೆರೆಮನೆಯವರೂ ಅವರನ್ನೇ ಕೇಳತೊಡಗಿದರು. ರಾಜಸ್ಥಾನದ ತಿಲೋನಿಯಾದಲ್ಲಿ ಓದುಬರಹ ಬಾರದ ಅಜ್ಜಿಯರಿಗೆ ಬಣ್ಣದ ಗುರುತುಗಳಿಂದ ಸರ್ಕಿಟ್ ಜೋಡಿಸಲು ಕಲಿಸುತ್ತಾರೆಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಎಲ್‌ಇಡಿ ಬಂತು, ಒಳ್ಳೆಯದಾಯಿತು; ಅಷ್ಟೇ ಬೆಳಕಿಗೆ ಚಿಕ್ಕ ಬ್ಯಾಟರಿ ಸಾಕು. ಲಿಥಿಯಂ ಬ್ಯಾಟರಿಗೆ ನೀರೂ ಬೇಡ. ನನ್ನ ಚಿಂತೆ ಮುಚ್ಚಿದ ಡಬ್ಬಿಯದು. ಒಳಗಿನ ಸಣ್ಣ ಬೋರ್ಡ್ ಸುಟ್ಟರೆ ಇಡೀ ಡಬ್ಬಿ ಪೇಟೆಗೆ ಹೋಗಬೇಕು, ಎಷ್ಟೋ ಸಲ ಅದು ಮರಳುವುದಿಲ್ಲ. ಊರಲ್ಲಿ ಬೆಳೆದ ಜಾಣ್ಮೆಗೆ ಅಲ್ಲಿ ಪ್ರವೇಶವೇ ಇಲ್ಲ. ಬಿಡಿಭಾಗವನ್ನೂ ಸರ್ಕಿಟ್ ನಕ್ಷೆಯನ್ನೂ ಕೊಡದ ಯಾವ ಯೋಜನೆಯನ್ನೂ ನಾನು ಒಪ್ಪುವುದಿಲ್ಲ.

ಈಗ ಹೊಲಿಗೆ ಯಂತ್ರ, ರೊಟ್ಟಿ ಯಂತ್ರ, ಹಾಲು ಕರೆಯುವ ಯಂತ್ರಗಳು ಸೋಲಾರ್‌ನಲ್ಲಿ ಓಡುತ್ತಿವೆ. ಅವನ್ನು ಕೊಡಿಸಲು ಬರುವವರನ್ನು ನಾನು ಮೊದಲು ಕೇಳುವುದು, ಮೋಟಾರ್ ನಿಂತ ದಿನ ಬಿಚ್ಚಲು ಈ ತಾಲ್ಲೂಕಿನಲ್ಲಿ ಯಾರಿಗೆ ಕಲಿಸಿದ್ದೀರಿ ಎಂದು.