ಅಸ್ತ್ರ ಒಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದ ಆರಂಭದಲ್ಲಿ ರೂಪುಗೊಂಡ, ಸೌದೆ ಉಳಿಸುವ ಹೊಗೆರಹಿತ ಒಲೆ. ವಾಯುಮಾಲಿನ್ಯವೆಂದರೆ ಕಾರ್ಖಾನೆ ಮತ್ತು ವಾಹನಗಳ ಹೊಗೆ ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಹಳ್ಳಿಯ ಅಡುಗೆಮನೆಯನ್ನು ಎಂಜಿನಿಯರುಗಳ ಕೆಲಸದ ಜಾಗವಾಗಿಸಿದ್ದು ಇದರ ಹೆಚ್ಚುಗಾರಿಕೆ.

ಹೊಗೆ ಕಾರದ ಒಲೆಯ ಯೋಚನೆ ಅದಕ್ಕೂ ಹಳೆಯದು, ಹೈದರಾಬಾದಿನ ಎಸ್.ಪಿ. ರಾಜು 1953ರಲ್ಲೇ ಒಂದು ಮಾದರಿ ಸಿದ್ಧಪಡಿಸಿದ್ದರು. ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ಕೆ.ಎನ್. ರೆಡ್ಡಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರ ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಹಳ್ಳಿಯ ನೆಲೆಯಾಯಿತು. ಸುತ್ತಲಿನ ಊರುಗಳಲ್ಲಿ ಇಂಧನದ ಲೆಕ್ಕ ಹಾಕಿದಾಗ, ಪುರ ಎಂಬ ಹಳ್ಳಿಯಲ್ಲಿ ಒಂದು ಮನೆಯವರು ಸೌದೆಗಾಗಿ ದಿನಕ್ಕೆ ಸರಾಸರಿ 2.6 ಗಂಟೆ ವ್ಯಯಿಸಿ 4.8 ಕಿ.ಮೀ. ನಡೆಯುತ್ತಿದ್ದುದು ಗೊತ್ತಾಯಿತು. ಅಷ್ಟು ಕಷ್ಟಪಟ್ಟು ತಂದ ಸೌದೆಯ ಶಾಖದಲ್ಲಿ ಬಹುಪಾಲು ಪಾತ್ರೆಗೆ ತಾಗದೆ ಪೋಲಾಗುತ್ತಿತ್ತು.

ಅಸ್ತ್ರ ಒಲೆಯಲ್ಲಿ ಬೆಂಕಿಗೂಡು ಮುಚ್ಚಿರುತ್ತದೆ. ಜಾಲರಿಯ ಕೆಳಗಿನಿಂದ ಗಾಳಿ ಬರುತ್ತದೆ. ಬಿಸಿಗಾಳಿ ಸಾಲಾಗಿ ಕೂತ ಮೂರು ಪಾತ್ರೆಗಳನ್ನು ಹಾದು ಹೊಗೆಕೊಳವೆಯಿಂದ ಮಾಡಿನಾಚೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಇದರ ದಕ್ಷತೆ 40% ದಾಟಿತು.

ಕೇಂದ್ರ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಕೈಗೊಂಡಿತು. ಸಂಶೋಧಕ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಸೇವಿಸುವ ಹೊಗೆಯನ್ನು ಅಳೆದು 1983ರಲ್ಲಿ ಪ್ರಕಟಿಸಿದ್ದರು. ಆದರೂ ಕಾರ್ಯಕ್ರಮದ ಲೆಕ್ಕ ನಿಂತಿದ್ದು ಕಟ್ಟಿದ ಒಲೆಗಳ ಸಂಖ್ಯೆಯ ಮೇಲೆ, ತಗ್ಗಿದ ಹೊಗೆಯ ಮೇಲಲ್ಲ. ಇದು ಅನ್ಯಾಯವೇ ಸರಿ. ಮಣ್ಣು ಬಿರುಕು ಬಿಡುತ್ತದೆ, ಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಸೌದೆಯನ್ನು ಸಣ್ಣಗೆ ಸೀಳಬೇಕು. ಆ ದುಡಿಮೆಯೆಲ್ಲ ಮನೆಯವಳ ಪಾಲಿಗೆ ಬಿತ್ತು. ದುರಸ್ತಿಗೆ ಬರುವವರಿಲ್ಲದೆ ಎಷ್ಟೋ ಒಲೆಗಳು ಮೂಲೆ ಸೇರಿದವು. ಕಾರ್ಯಕ್ರಮ 2002ರಲ್ಲಿ ನಿಂತಿತು.

ಪುರದಲ್ಲಿ ಸಗಣಿ ಅನಿಲದಿಂದ ಅಡುಗೆ ಮಾಡುವ ಯತ್ನವೂ ಸಾಗಲಿಲ್ಲ. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಅದೇ ಅನಿಲದಿಂದ ಎಂಜಿನ್ ಓಡಿಸಿ, 1987ರ ಹೊತ್ತಿಗೆ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಡಲಾಯಿತು.

2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಮನೆಗೆ ಗ್ಯಾಸ್ ಬಂತು. ಸಿಲಿಂಡರ್ ತುಂಬಿಸುವ ಖರ್ಚು ಹೊರಲಾರದ ಮನೆಗಳಲ್ಲಿ ಅದು ಚಹಾ, ಒಗ್ಗರಣೆಗೆ ಮೀಸಲು. ಮುದ್ದೆಗೂ ಸ್ನಾನದ ಹಂಡೆಗೂ ಸೌದೆಯೇ ಉರಿಯುತ್ತಿದೆ.