ನೇರ ಪ್ರಸಾರದ ಬಲಿಪೂಜೆ: ಚಿತ್ರ ನಿಂತರೆ, ಸ್ವರ ಕಡಿದರೆ ಏನು ಮಾಡಬೇಕು?

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಚರ್ಚುಗಳ ಬಾಗಿಲು ಮುಚ್ಚಿದಾಗ, ಅಂತರ್ಜಾಲದ ಮೂಲಕ ಬಲಿಪೂಜೆಯನ್ನು ನೇರ ಪ್ರಸಾರ ಮಾಡುವ ಕ್ರಮ ಅನೇಕ ಧರ್ಮಕೇಂದ್ರಗಳಲ್ಲಿ ಆರಂಭವಾಯಿತು. ಆ ವರ್ಷ ಏಪ್ರಿಲ್ 12ರ ಪಾಸ್ಖ ಹಬ್ಬದ ಪೂಜೆಯನ್ನು ಭಕ್ತಾದಿಗಳು ಟಿವಿ, ಮೊಬೈಲ್ ಮುಂದೆ ಕುಳಿತೇ ಕಂಡರು. ಬಾಗಿಲು ಪುನಃ ತೆರೆದ ಮೇಲೂ ಕ್ಯಾಮರಾ ಉಳಿಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಕಡೆ ನೆಲೆಸಿರುವ ಕರಾವಳಿಯ ಕುಟುಂಬಗಳಿಗೆ ಊರಿನ ಹಬ್ಬವನ್ನೂ, ಊರಿನಲ್ಲಿ ತೀರಿಕೊಂಡವರ ಅಂತ್ಯಕ್ರಿಯೆಯನ್ನೂ ನೋಡಲು ಇದು ದಾರಿಯಾಗಿದೆ. ಭಾನುವಾರದ ಪೂಜೆ ಮುಂದಿನ ವಾರವೂ ಇರುತ್ತದೆ, ಅಂತ್ಯಕ್ರಿಯೆ ಇನ್ನೊಮ್ಮೆ ಇರುವುದಿಲ್ಲ. ಆದ್ದರಿಂದ ಪ್ರಸಾರ ನಡೆಸುವ ಯುವಜನರಿಗೂ ಮನೆಯಲ್ಲಿ ನೋಡುವವರಿಗೂ ಕೆಲವು ವಿಷಯಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಮೊದಲು ದೋಷ ಯಾವ ಕಡೆಯದ್ದೆಂದು ತಿಳಿಯಬೇಕು. ಚಿತ್ರ ನಿಂತ ಜಾಗದಿಂದ ಅರ್ಧ ನಿಮಿಷ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಅದೇ ಮಾತಿನಲ್ಲಿ ಮತ್ತೆ ಕಡಿದರೆ ಚರ್ಚಿನಿಂದ ಕಳುಹಿಸುವಾಗಲೇ ಕಡಿದಿದೆ, ನಿಮ್ಮ ರೂಟರನ್ನು ಎಷ್ಟು ಸಲ ಆರಿಸಿ ಹಾಕಿದರೂ ಪ್ರಯೋಜನವಿಲ್ಲ. ಈ ಸಲ ಸರಿಯಾಗಿ ಬಂದರೆ ತೊಂದರೆ ನಿಮ್ಮ ಮನೆಯ ಕಡೆಯದ್ದು.

ಮನೆಯ ತೊಂದರೆಗೆ ಸಾಮಾನ್ಯ ಕಾರಣ ವೈಫೈ. ರಾಜಾಜಿನಗರ, ವಿಜಯನಗರದಂತಹ ಒತ್ತೊತ್ತಾದ ಬೀದಿಗಳಲ್ಲಿ ಅಕ್ಕಪಕ್ಕದ ಹತ್ತಾರು ರೂಟರುಗಳು ಒಂದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತನಾಡುತ್ತವೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂದು ಮೂರೇ. ಟಿವಿ ಹತ್ತಿರದಲ್ಲಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ನಡುವೆ ಎರಡು ಗೋಡೆಗಳಿದ್ದರೆ ಅದು ದುರ್ಬಲವಾಗುತ್ತದೆ, ಆಗ ರೂಟರಿನಿಂದ ಟಿವಿಗೆ ಕೇಬಲ್ ಎಳೆಯುವುದೇ ಉತ್ತಮ. ಸದ್ಯಕ್ಕೆ ಏನೂ ಮಾಡಲಾಗದಿದ್ದರೆ ಚಿತ್ರದ ಗುಣಮಟ್ಟವನ್ನು 480ಕ್ಕೆ ಇಳಿಸಿ.

ಚರ್ಚಿನ ಕಡೆಯಲ್ಲಿ ನೋಡಬೇಕಾದದ್ದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ವೇಗ. 720ರ ಚಿತ್ರವನ್ನು ಸೆಕೆಂಡಿಗೆ 30 ಫ್ರೇಮಿನಂತೆ ಕಳುಹಿಸಲು 3ರಿಂದ 4 ಎಂಬಿಪಿಎಸ್ ಬೇಕು. ಅದರ ಎರಡರಷ್ಟು ಅಪ್‌ಲೋಡ್ ಇರಲಿ. ಶನಿವಾರ ಮಧ್ಯಾಹ್ನ ಪರೀಕ್ಷಿಸಿ ತೃಪ್ತರಾಗಬೇಡಿ, ಪೂಜೆಯ ಹೊತ್ತಿನಲ್ಲೇ ಅಳೆಯಬೇಕು. ಕಚೇರಿಯ ವೈಫೈ ಪಾಸ್‌ವರ್ಡ್ ಇಡೀ ಗಾಯನ ಮಂಡಳಿಗೆ ಗೊತ್ತಿದ್ದರೆ ಫಲಿತಾಂಶವೇ ಬೇರೆ! ಕಂಪ್ಯೂಟರಿಗೆ ಕೇಬಲ್ ಸಂಪರ್ಕವೇ ಇರಲಿ. ಓಬಿಎಸ್ ಬಳಸುವವರು ಅದರ ಅಂಕಿ ಅಂಶಗಳ ಕಿಟಕಿಯನ್ನು ನೋಡಬೇಕು. ಫ್ರೇಮುಗಳು ನೆಟ್‌ವರ್ಕಿನಿಂದ ಬಿದ್ದುಹೋಗಿದ್ದರೆ ಬಿಟ್‌ರೇಟ್ ಇಳಿಸಿ. ಎನ್‌ಕೋಡಿಂಗ್ ನಿಧಾನದಿಂದ ತಪ್ಪಿದ್ದರೆ ಕಂಪ್ಯೂಟರಿಗೆ ಭಾರ ಹೆಚ್ಚಾಗಿದೆ, ಅದಕ್ಕೆ ಇಂಟರ್ನೆಟ್ ಕಂಪೆನಿಯೊಂದಿಗೆ ಜಗಳವಾಡಿ ಫಲವಿಲ್ಲ. ಕೀಫ್ರೇಮ್ ಅಂತರವನ್ನು 2 ಸೆಕೆಂಡಿಗೆ ಇಡಿ. ಯೂಟ್ಯೂಬಿನಲ್ಲಿ ವಿಳಂಬವನ್ನು ಅತಿ ಕಡಿಮೆ ಮಾಡುವ ಆಯ್ಕೆ ಪೂಜೆಗೆ ಬೇಕಿಲ್ಲ. ಕೆಲವು ಸೆಕೆಂಡು ತಡವಾದರೆ ನಷ್ಟವಿಲ್ಲ, ಬದಲಿಗೆ ನೋಡುವವರಿಗೆ ಕಡಿತ ಕಡಿಮೆಯಾಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಚಿತ್ರಕ್ಕಿಂತ ಸ್ವರವೇ ಮುಖ್ಯ. ಚಿತ್ರ ಮಸುಕಾದರೂ ವಾಚನ, ಪ್ರಸಂಗಗಳನ್ನು ಕೇಳಬಹುದು. ಸ್ವರವೇ ಇಲ್ಲದಿದ್ದರೆ ಹಾಸಿಗೆ ಹಿಡಿದ ಹಿರಿಯರಿಗೆ ಏನೂ ಉಳಿಯುವುದಿಲ್ಲ. ಮೊಬೈಲಿನ ಮೈಕು ಚರ್ಚಿನ ಪ್ರತಿಧ್ವನಿಯನ್ನೆಲ್ಲಾ ಹಿಡಿಯುವುದರಿಂದ ಮಿಕ್ಸರಿನ ಆಕ್ಸ್ ಔಟ್‌ನಿಂದ ನೇರ ಸ್ವರ ತೆಗೆದುಕೊಳ್ಳಬೇಕು. ಅದನ್ನು ಮೈಕಿನ ತೂತಿಗೆ ಸಿಕ್ಕಿಸಿದರೆ ಒಡೆದ ಸ್ವರ ಬರುತ್ತದೆ, ಲೈನ್ ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ ಬೇಕು.

"ಹೆಡ್‌ಫೋನಿನಲ್ಲಿ ಕೇಳುತ್ತದೆ, ಮೊಬೈಲಿನಲ್ಲಿ ಫಾದರ್ ಸ್ವರವೇ ಇಲ್ಲ" ಎಂಬ ವಿಚಿತ್ರ ದೂರು ಬಂದರೆ ಗಾಬರಿಯಾಗಬೇಡಿ. ಮಿಕ್ಸರಿನ ಬ್ಯಾಲೆನ್ಸ್ಡ್ ಔಟ್‌ಪುಟ್ಟನ್ನು ಸ್ಟೀರಿಯೋ ಇನ್‌ಪುಟ್ಟಿಗೆ ಹಾಕಿದಾಗ ಎಡಬಲದ ಸ್ವರಗಳು ಒಂದಕ್ಕೊಂದು ವಿರುದ್ಧವಾಗಿರುತ್ತವೆ. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಎರಡೂ ಸೇರಿ ಪರಸ್ಪರ ಅಳಿಸಿಹೋಗುತ್ತವೆ. ಸರಿಯಾದ ಕೇಬಲ್ ಹಾಕಿದರೆ ಸಾಕು. ಗುಂಯ್ ಎಂಬ 50 ಹರ್ಟ್ಸ್ ಸದ್ದಿಗೆ ಮಿಕ್ಸರನ್ನೂ ಕಂಪ್ಯೂಟರನ್ನೂ ಒಂದೇ ವಿದ್ಯುತ್ ಬಿಂದುವಿಗೆ ಜೋಡಿಸಿ, ಇಲ್ಲವೇ ಗ್ರೌಂಡ್ ಐಸೊಲೇಟರ್ ಬಳಸಿ. ಪ್ಲಗ್ಗಿನ ಅರ್ತ್ ಪಿನ್ನನ್ನು ಮಾತ್ರ ಎಂದೂ ತೆಗೆಯಬಾರದು, ಅದು ಪ್ರಾಣಾಪಾಯ. ತುಟಿಗಿಂತ ಮೊದಲು ಮಾತು ಕೇಳಿಸಿದರೆ, ಕ್ಯಾಮರಾದ ಚಿತ್ರ ಕ್ಯಾಪ್ಚರ್ ಕಾರ್ಡಿನಲ್ಲಿ ತಡವಾಗುತ್ತಿದೆ ಎಂದರ್ಥ. ಓಬಿಎಸ್‌ನಲ್ಲಿ ಸ್ವರಕ್ಕೂ ಅಷ್ಟೇ ವಿಳಂಬ ಕೊಡಿ. ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ ನೋಡಿದರೆ ಎಷ್ಟೆಂದು ತಿಳಿಯುತ್ತದೆ.

ಅಂದಹಾಗೆ, ಕಾಯಿಲೆಯಿಂದ ಮಲಗಿದ್ದ ಅಸ್ಸೀಸಿಯ ಸಂತ ಕ್ಲಾರಾ ಕ್ರಿಸ್ಮಸ್ ಪೂಜೆಯನ್ನು ದೂರದಿಂದಲೇ ಕಂಡು ಕೇಳಿದಳೆಂಬ ಪ್ರತೀತಿಯಿಂದ, 12ನೇ ಪಿಯೂಸ್ ಜಗದ್ಗುರುಗಳು 1958ರಲ್ಲಿ ಆಕೆಯನ್ನು ಟೆಲಿವಿಷನ್ನಿನ ಪಾಲಕಿಯೆಂದು ಘೋಷಿಸಿದರು. ಆಕೆಗೆ ಬಫರಿಂಗ್ ತೊಂದರೆ ಇರಲಿಲ್ಲ.

ಅಂತ್ಯಕ್ರಿಯೆಯ ಪ್ರಸಾರಕ್ಕೆ ವಿಶೇಷ ಎಚ್ಚರಿಕೆ ಅಗತ್ಯ. ಕಂಪ್ಯೂಟರಿಗೆ ಮಾತ್ರವಲ್ಲ, ರೂಟರ್ ಮತ್ತು ಫೈಬರ್ ಪೆಟ್ಟಿಗೆಗೂ ಯುಪಿಎಸ್ ಇರಲಿ. ಇನ್ನೊಂದು ಕಂಪೆನಿಯ ಸಿಮ್ ಇರುವ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಾಗಿರಲಿ. ಪ್ರಸಾರದ ಜೊತೆಗೇ ಕ್ಯಾಮರಾದ ಕಾರ್ಡಿನಲ್ಲೂ ರೆಕಾರ್ಡ್ ಮಾಡಿ. ಲಿಂಕ್ ಕಡಿದುಹೋದರೂ ಗಲ್ಫಿನಲ್ಲಿರುವ ಮಗನಿಗೆ, ಕೆಂಗೇರಿಯಲ್ಲಿರುವ ಮಗಳಿಗೆ ಅದೇ ದಿನ ರಾತ್ರಿ ಪೂರ್ತಿ ವಿಡಿಯೋ ಕಳುಹಿಸಬಹುದು.