ಎರಡು ಬಕೆಟ್‌ಗಳ ಬಿಯರ್ ಕಾರ್ಖಾನೆ

ಅಮೆರಿಕದಲ್ಲಿ ಪಾನನಿರೋಧ 1933ರಲ್ಲೇ ಮುಗಿಯಿತು. ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅಡ್ಡಿಯಿರಲಿಲ್ಲ. ಬಿಯರ್ ಮಾಡಿದರೆ ಮಾತ್ರ ಅಪರಾಧ! ಕೇಂದ್ರದ ಕಾನೂನಿನಲ್ಲಿದ್ದ ಈ ವಿಚಿತ್ರ ತಾರತಮ್ಯ ತೊಲಗಿಸುವ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರ್‌ನಲ್ಲಿ. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು 2013ರವರೆಗೂ ಒಪ್ಪಲಿಲ್ಲ, ಆ ಮಾತು ಬೇರೆ.

ಅನುಮತಿಯೇನೋ ಸಿಕ್ಕಿತು, ಸಲಕರಣೆ? ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಚರಟದಿಂದ ಬೇರ್ಪಡಿಸುವುದೇ ಕಷ್ಟದ ಕೆಲಸ. ಕಾರ್ಖಾನೆಗಳಲ್ಲಿ ಇದಕ್ಕೆಂದೇ ಭಾರಿ ಲೋಹದ ತೊಟ್ಟಿಗಳಿವೆ. ಪರಮಾಣು ಎಂಜಿನಿಯರಿಂಗ್ ಓದಿದ್ದ ಕೊಲೊರಾಡೊದ ಚಾರ್ಲಿ ಪಪೇಜಿಯನ್ 1984ರ ತಮ್ಮ ಪುಸ್ತಕದಲ್ಲಿ ಸೂಚಿಸಿದ್ದು ಎರಡು ಪ್ಲಾಸ್ಟಿಕ್ ಬಕೆಟ್! ಒಂದರ ತಳಕ್ಕೆ ತುಂಬ ಸಣ್ಣ ತೂತುಗಳನ್ನು ಕೊರೆದು ಇನ್ನೊಂದರೊಳಗೆ ಇಳಿಸಿದರಾಯಿತು. ನಮ್ಮ ಅಡುಗೆಮನೆಯ ಜರಡಿಯ ತತ್ವವೇ. ತೂತುಗಳ ಮೇಲೆ ಕೂತ ಬಾರ್ಲಿಯ ಹೊಟ್ಟೇ ಇಲ್ಲಿ ಸೋಸುಬಟ್ಟೆ.

ಆದರೆ ಬಕೆಟ್ ಬೇಗ ತಣಿಯುತ್ತದೆ. ಆಗ ಹವ್ಯಾಸಿಗಳ ಕಣ್ಣಿಗೆ ಬಿದ್ದದ್ದು ಪಿಕ್ನಿಕ್‌ಗೆ ಒಯ್ಯುವ ಐಸ್‌ಪೆಟ್ಟಿಗೆ. ತಂಪು ಕಾಯುವ ಗೋಡೆ ಬಿಸಿಯನ್ನೂ ಕಾಯುತ್ತದೆ. ತಳದಲ್ಲಿ ಸೀಳು ಹಾಕಿದ ತಾಮ್ರದ ಕೊಳವೆ, ಹೊರಗೊಂದು ನಲ್ಲಿ ಜೋಡಿಸಿದರೆ ನೆನೆಸುವುದೂ ಸೋಸುವುದೂ ಅದರಲ್ಲೇ.